ಕೂಸಿನ ತೂಕದ ಬೂದುಗುಂಬಳ

ನಮ್ಮ ಅತ್ತೆ ಚಲುವಮ್ಮನವರಿಗೆ ಇರುವುದು ಒಂದೇ ಕೈ, ಅದೂ ಎಡಗೈ. ಬಲಗೈ ಎರಡು ವರ್ಷದ ಹಿಂದೆ ಮೇವು ಕತ್ತರಿಸುವ ಮಿಷನ್ನಿಗೆ ಹೋಯಿತು. ಹಸಿ ಜೋಳದ ಕಡ್ಡಿಯ ಜೊತೆಗೆ ಕೈಯೂ ಒಳಗೆ ಸೇರಿತು. ಕಡ್ಡಿ ಯಾವುದು, ಕೈ ಯಾವುದು ಎಂದು ಮಿಷನ್ನು ನೋಡುವುದಿಲ್ಲ. ಮೊಣಕೈಯಿಂದ ನಾಲ್ಕು ಬೆರಳು ಕೆಳಗಿನವರೆಗೆ ಉಳಿದದ್ದಷ್ಟೇ ಉಳಿಯಿತು. ಮಂಡ್ಯದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದು ಮನೆಗೆ ಬಂದವರು ಮೊದಲು ಕೇಳಿದ ಮಾತು, "ಅಸೀನ ಆಲು ಯಾರ್ ಕರೀತಿದ್ರಿ?" ಎಂದು. ಹಸುವಿನ ಹಾಲು ನಾನೇ ಕರೆಯುತ್ತಿದ್ದೆ ಎಂದೆ. "ಅದ್ಕೇ ಅದು ಬಡಕಲಾಗೋಗದೆ" ಎಂದರು.

ನಾನು ಸುನಿತಾ, ಈ ಮನೆಯ ಸೊಸೆ. ಹೊಳಲಿನಿಂದ ಕೊಪ್ಪಕ್ಕೆ ಬಂದು ಹತ್ತು ವರ್ಷವಾಯಿತು. ಮದ್ದೂರಿನಲ್ಲಿ ಪ್ರೈಮರಿ ಸ್ಕೂಲ್ ಟೀಚರು. ಅತ್ತೆ ಒಂದು ಕೈಯಲ್ಲಿ ಕೆಲಸ ಕಲಿತದ್ದನ್ನು ಕಂಡು ಊರವರು ಬಾಯಿ ತುಂಬ ಹೊಗಳುತ್ತಾರೆ. ನನಗೆ ಹೊಗಳುವ ಮನಸ್ಸು ಅಷ್ಟಾಗಿ ಬರುವುದಿಲ್ಲ, ಯಾಕೆಂದರೆ ಅವರು ಕಲಿಯುವಾಗ ಎದುರಿಗೆ ಇದ್ದು ಬೈಸಿಕೊಂಡವಳು ನಾನು. ಪಾತ್ರೆಗೆ ಗೋಣಿಚೀಲ ಸುತ್ತಿ, ಎರಡು ಪಾದಗಳ ನಡುವೆ ಅದುಮಿ ಹಿಡಿದು, ಹಿಟ್ಟಿನ ಕೋಲನ್ನು ಕಂಕುಳಿಗೆ ಆನಿಸಿಕೊಂಡು ಹಿಟ್ಟು ತೊಳಸುತ್ತಾರೆ. ಮುದ್ದೆ ಕಟ್ಟುವುದಕ್ಕೆ ಎರಡು ಕೈ ಬೇಕಲ್ಲ. ಅದಕ್ಕೆ ನೀರು ಸವರಿದ ಬಟ್ಟಲಿಗೆ ಹಿಟ್ಟು ಹಾಕಿ ಗರಗರನೆ ತಿರುಗಿಸುವುದನ್ನು ಕಂಡುಕೊಂಡರು. ಮೊದಲ ವಾರ ಮುದ್ದೆ ಬಟ್ಟಲಿನಿಂದ ಹಾರಿ ಮಾವನ ಪೇಪರಿನ ಮೇಲೆ ಬಿದ್ದದ್ದೂ ಉಂಟು. ಸೀರೆಯ ನೆರಿಗೆಯನ್ನು ಗೋಡೆಗೆ ಸೊಂಟದಿಂದ ಒತ್ತಿ ಹಿಡಿದು ಸಿಕ್ಕಿಸಿಕೊಳ್ಳುತ್ತಾರೆ. ಹೆಂಗಸರ ಸಂಘದ ಮೀಟಿಂಗಿನಲ್ಲಿ ಯಾರೋ, ಪಾಪ, ಒಂದು ಕೈಲಿ ಚಪ್ಪಾಳೆ ಆಗಲ್ಲ ಅಂತ ಗಾದೆ ಹೇಳಿ ನಾಲಿಗೆ ಕಚ್ಚಿಕೊಂಡಳಂತೆ. ಇವರು ಫಟೀರನೆ ತೊಡೆ ತಟ್ಟಿ, "ತೊಡೆ ಇಲ್ವಾ ನಿಂಗೆ?" ಎಂದರಂತೆ.

ಅವರಿಗೆ ಆಗದ ಮಾತು ಒಂದೇ. "ಕೈ ಇಲ್ದೋಳು ಅನ್ನು, ಒಪ್ಕೋತೀನಿ. ಕೈಲಾಗದೋಳು ಅಂದ್ರೆ ಮಾತ್ರ ಸುಮ್ಕಿರಕಿಲ್ಲ."

ಆದರೆ ಈ ಯಾವುದರಿಂದಲೂ ಅವರಿಗೆ ಊರಲ್ಲಿ ಹೆಸರು ಬಂದದ್ದಲ್ಲ. ಹೆಸರು ಬಂದದ್ದು ಕೂಸುಗಳಿಗೆ ನೀರು ಉಯ್ಯುವುದರಿಂದ. ಮಣೆಯ ಮೇಲೆ ಕೂತು, ಕಾಲು ನೀಡಿ, ಆ ಕಾಲಿನ ಮೇಲೆ ಹಸುಗೂಸನ್ನು ಮಲಗಿಸಿ, ಹರಳೆಣ್ಣೆ ತಿಕ್ಕಿ, ಹದವಾದ ಬಿಸಿನೀರು ಹೊಯ್ದು, ಮೂಗು ತೀಡಿ, ತಲೆ ಗುಂಡಗೆ ಮಾಡಿ ಕೊಡುವುದು. ನಮ್ಮ ಬೀದಿಯಲ್ಲಿ ಮೂವತ್ತರೊಳಗಿನ ಯಾರ ಮೂಗು ನೆಟ್ಟಗಿದ್ದರೂ ಅದು ಅವರ ಕೈ. ನನ್ನ ಮಗಳ ಮೂಗೂ ಅವರದೇ. ಮೇಲಿನ ಬೀದಿಯವರು ಕೂಸಿಗೆ ಕರೆಯುತ್ತಿರಲಿಲ್ಲ, ಕಾಲು ಉಳುಕಿದರೆ ಮಾತ್ರ ಕತ್ತಲಾದ ಮೇಲೆ ಬಂದು ನೀವಿಸಿಕೊಂಡು ಹೋಗುತ್ತಿದ್ದರು. ಅತ್ತೆ ಅದಕ್ಕೂ ಏನೂ ಅನ್ನುತ್ತಿರಲಿಲ್ಲ.

ಕೈ ಹೋದ ಮೇಲೆ ಯಾರೂ ಕರೆಯಲಿಲ್ಲ. ಅದು ಸಹಜ. ಅವರೂ ಕಾಯಲಿಲ್ಲ. ಅವರು ಕಾದದ್ದು ಒಂದೇ ಒಂದು ಕೂಸಿಗೆ, ಮಗಳು ನಾಗಶ್ರೀಯ ಕೂಸಿಗೆ.

ನಾಗಶ್ರೀ ನನ್ನ ನಾದಿನಿ. ಮಳವಳ್ಳಿಗೆ ಕೊಟ್ಟಿದೆ. ಗಂಡ ರಾಜೇಂದ್ರ ಅಲ್ಲೇ ಬ್ಯಾಂಕಿನಲ್ಲಿ ಕೆಲಸ. ಮದುವೆಯಾಗಿ ಆರು ವರ್ಷದ ಮೇಲೆ ಬಸುರಾದವಳು. ಏಳನೇ ತಿಂಗಳಿಂದಲೇ ಅತ್ತೆ ಹಳೇ ಪಂಚೆಗಳನ್ನು ಹಲ್ಲಲ್ಲಿ ಕಚ್ಚಿ ಹರಿದು ತುಂಡು ಮಾಡಿಟ್ಟರು, ಹರಳು ಹುರಿದು ಎಣ್ಣೆ ತೆಗೆಸಿದರು. ಗಂಡುಮಗು ಹುಟ್ಟಿತು. ತಾಯಿ ಮಗು ಮನೆಗೆ ಬಂದ ಮಾರನೇ ದಿನ ಬೆಳಿಗ್ಗೆ ಅತ್ತೆ ಬಚ್ಚಲೊಲೆ ಹಚ್ಚಿ, ಹಂಡೆ ನೀರು ಕಾಯಿಸಿ, ಎಣ್ಣೆ ಬೆಚ್ಚಗೆ ಮಾಡಿ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಮಣೆ ತೊಳೆದಿಟ್ಟು ನಿಂತರು. ಆಗ ಹಿತ್ತಲ ಬಾಗಿಲಿನಿಂದ ಶಿವನಂಜಮ್ಮ ಎಲೆಅಡಿಕೆ ಅಗಿಯುತ್ತ ಒಳಗೆ ಬಂದಳು. ಇವಳು ಆಚೆ ಬೀದಿಯಲ್ಲಿ ಕೂಸುಗಳಿಗೆ ನೀರು ಉಯ್ಯುವವಳು. ಆಸ್ಪತ್ರೆಯಿಂದಲೇ ನಾಗಶ್ರೀ ಫೋನು ಮಾಡಿ ಗೊತ್ತು ಮಾಡಿದ್ದಳು. ನಮಗೆ ಯಾರಿಗೂ ಹೇಳಿರಲಿಲ್ಲ.

ಅತ್ತೆ ಮಣೆಯನ್ನು ಕಾಲಿನಿಂದ ಶಿವನಂಜಮ್ಮನ ಕಡೆಗೆ ಸರಿಸಿ, "ಬಾ ಶಿವನಂಜಿ, ನೀರು ಕಾದದೆ" ಎಂದು ಹೇಳಿ ಕೊಟ್ಟಿಗೆಗೆ ಹೋದರು. ಎತ್ತಿ ಕಟ್ಟಿದ ಸೀರೆಯನ್ನು ಇಳಿಸಿಕೊಳ್ಳುವುದೂ ಮರೆತಿತ್ತು. ನನಗೆ ನಾಗಶ್ರೀಯ ಮೇಲೆ ಸಿಟ್ಟು ಬಂತು.

ಸಂಜೆ ಕೇಳಿಯೇ ಬಿಟ್ಟೆ. ಅವಳು ತನ್ನ ಅತ್ತೆಯ ಮೇಲೆ ಹಾಕಿದಳು. "ಮೊದ್ಲನೇ ಮೊಮ್ಮಗ, ಎಡಗೈಲಿ ನೀರು ಉಯ್ಯಿಸ್ಬ್ಯಾಡಿ ಅಂದವ್ರೆ ನಮ್ಮತ್ತೆ."

ಹಜಾರದಲ್ಲಿ ಪೇಪರು ಓದುತ್ತಿದ್ದ ಮಾವ ಕೆಂಪಸಿದ್ದಯ್ಯನವರ ಕಿವಿಗೆ ಇದು ಬಿತ್ತು. ಅವರು ರಿಟೈರ್ಡ್ ಮೇಷ್ಟ್ರು. ನಮ್ಮ ಮನೆ ಬೌದ್ಧರ ಮನೆ. ಶಾಸ್ತ್ರ, ಶಕುನ, ರಾಹುಕಾಲ ಎಲ್ಲವನ್ನೂ ಇಪ್ಪತ್ತು ವರ್ಷದ ಹಿಂದೆಯೇ ಅವರು ಹೊಸಿಲಾಚೆ ಹಾಕಿದ್ದಾರೆ. ಎಡಗೈ ಬಲಗೈ ಎಲ್ಲ ಮನುಷ್ಯ ಮಾಡಿಕೊಂಡ ಭೇದ ಎಂದು ಅರ್ಧ ಗಂಟೆ ಪಾಠ ಮಾಡಿದರು. ಅಷ್ಟೂ ಹೊತ್ತು ಸೊಪ್ಪು ಬಿಡಿಸುತ್ತಿದ್ದ ಅತ್ತೆ, "ಕೂಸಿನ ಕುಂಡಿ ತೊಳೆಯೋಕೆ ನಿಮ್ಮತ್ತೆ ಯಾವ ಕೈ ಆಕ್ತಾರಂತೆ? ಬಲಗೈಯಾ?" ಎಂದು ಕೇಳಿದರು.

ನಾಗಶ್ರೀ ಆಗ ನಿಜ ಹೇಳಿದಳು. "ಶಾಸ್ತ್ರ ಅಲ್ಲ ಕಣವ್ವ. ಬೆನ್ನು ತೊಳೆಯೋಕೆ ಬೋರಲು ತಿರುಗಿಸ್ಬೇಕಲ್ಲ, ಎಣ್ಣೆ ಮೈ. ಜಾರಿದ್ರೆ?"

ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಮುಂದಿನ ಶನಿವಾರ. ಬೆಳಗಿನ ಸ್ಕೂಲು ಮುಗಿಸಿ ಹನ್ನೆರಡೂವರೆಗೆ ಮನೆಗೆ ಬಂದೆ. ಬಾಣಂತಿ, ಕೂಸು ಇಬ್ಬರೂ ಒಳಗೆ ಮಲಗಿದ್ದರು. ಕೊಟ್ಟಿಗೆಯ ಹಿಂದೆ ನೀರು ಚೆಲ್ಲಿದ ಸದ್ದಾಯಿತು. ಹೋಗಿ ನೋಡಿದರೆ ಅತ್ತೆ ಮಣೆಯ ಮೇಲೆ ಕಾಲು ನೀಡಿ ಕೂತಿದ್ದಾರೆ. ಕಾಲಿನ ಮೇಲೆ ಒಂದು ಬೂದುಗುಂಬಳಕಾಯಿ. ಅದಕ್ಕೆ ಎಣ್ಣೆ ಹಚ್ಚಿದ್ದಾರೆ. ಚೊಂಬಿನಿಂದ ನೀರು ಹೊಯ್ಯುತ್ತಾರೆ, ಚೊಂಬು ಕೆಳಗಿಡುತ್ತಾರೆ, ತಿಕ್ಕುತ್ತಾರೆ, ಮತ್ತೆ ಚೊಂಬು ಎತ್ತುತ್ತಾರೆ. ಒಂದೇ ಕೈ ನೋಡಿ, ಎಲ್ಲಕ್ಕೂ ಸರದಿ. ಕೊನೆಗೆ ಉಸಿರು ಬಿಗಿಹಿಡಿದು ಅದನ್ನು ತಿರುಗಿಸಲು ಹೋದರು. ಕಾಯಿ ಜಾರಿ ಕಲ್ಲಿಗೆ ಬಡಿದು ಎರಡು ಹೋಳಾಯಿತು.

ನನ್ನನ್ನು ಕಂಡು ಅವರು ನಾಚಿಕೊಳ್ಳಲಿಲ್ಲ. "ನೋಡ್ತಾ ನಿಂತ್ಕಂಡಿಯಲ್ಲ, ಆಯ್ಕೊಂಡು ಓಗು, ಸಾರಿಗಾಯ್ತದೆ" ಎಂದರು.

ಆ ವಾರ ಮೂರು ದಿನ ಬೂದುಗುಂಬಳದ ಸಾರು ಮಾಡಿದ್ದು ಯಾಕೆಂದು ಆಗ ತಿಳಿಯಿತು. ಹಿತ್ತಲಲ್ಲಿ ಬಿಟ್ಟಿದ್ದ ಎರಡು ಕಾಯಿ ಅಲ್ಲಿಗೆ ಮುಗಿದವು. ಅಂದಿನಿಂದ ಕಾಯಿ ತರುವ ಕೆಲಸ ನನ್ನದಾಯಿತು. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಅದಕ್ಕೊಂದು ಲೆಕ್ಕ ಬೇರೆ. ಅಂಗನವಾಡಿಯವಳು ಬಂದು ಕೂಸನ್ನು ತೂಗಿ ಹೋದ ದಿನ ಅತ್ತೆ ನನ್ನ ಕಿವಿಯಲ್ಲಿ, "ನಾಕು ಕೇಜಿ ಇನ್ನೂರು" ಎನ್ನುವರು. ಮರುದಿನ ಮದ್ದೂರು ಮಾರ್ಕೆಟ್ಟಿನಲ್ಲಿ ನಾನು ತರಕಾರಿಯವನಿಗೆ ನಾಲ್ಕು ಕೆಜಿ ಇನ್ನೂರರ ಕಾಯಿ ಕೊಡು ಎನ್ನುವುದು. ಅವನು ಐದು ಕೆಜಿಯದು ಚೆನ್ನಾಗಿದೆ ತಗೊಳ್ಳಿ ಮೇಡಂ ಎಂದರೆ ನಾನು ಬೇಡ, ಇನ್ನೂ ಅಷ್ಟಾಗಿಲ್ಲ ಎನ್ನುವುದು. ಅವನು ನನ್ನನ್ನೊಂದು ತರಾ ನೋಡುತ್ತಿದ್ದ. ಕಾಯಿಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬರಬೇಕು. ಒಂದು ದಿನ ಮಾವ ಬಾಗಿಲಲ್ಲೇ ತಡೆದು, "ಏನವ್ವ, ಮನೇಲಿ ದಿನಾ ಇದೇ ಆಯ್ತಲ್ಲ, ಯಾರು ತರೋದು ಈ ಕಾಯಿನ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಮಕ್ಕಳಿಗೆ ಪಾಠ ಮಾಡುವವಳು ನಾನು. ಆದರೂ ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು. ಬೂದಿ ಮೆತ್ತಿತ್ತು.

ನಾಲ್ಕು ಕಾಯಿ ಒಡೆದವು. ಐದನೆಯದು ಒಡೆಯಲಿಲ್ಲ. ಅತ್ತೆ ಅಷ್ಟರಲ್ಲಿ ಒಂದು ದಾರಿ ಕಂಡುಕೊಂಡಿದ್ದರು. ಎಡ ಮೊಣಕಾಲನ್ನು ಸ್ವಲ್ಪ ಎತ್ತಿದರೆ ಕಾಲಿನ ಮೇಲಿರುವುದು ತಾನಾಗಿ ಬಲಕ್ಕೆ ಹೊರಳುತ್ತದೆ. ಅಲ್ಲಿ ಮೊಂಡುಗೈ ಕಾದಿರುತ್ತದೆ. ಕೂಸಿನ ಎದೆ ಮೊಂಡುಗೈ ಮೇಲೆ ಬೀಳುವ ಹೊತ್ತಿಗೆ ಎಡಗೈ ಕತ್ತಿನ ಹಿಂದೆ ಬಂದಿರಬೇಕು. ಹಿಡಿಯುವುದಲ್ಲ, ಹೊರಳಿಸಿಕೊಳ್ಳುವುದು. "ಇಷ್ಟ್ ವರ್ಸ ಎರಡು ಕೈಲಿ ಎತ್ತಿ ಎತ್ತಿ ತಿರುಗ್ಸಿವ್ನಿ, ದಂಡ. ಕಾಲೇ ತಿರುಗಿಸ್ತದೆ" ಎಂದರು. ಆರು ವಾರ ಒಂದೂ ಕಾಯಿ ಒಡೆಯಲಿಲ್ಲ.

"ಈಗ ನಾಗಶ್ರೀಗೆ ಹೇಳಿ ಅತ್ತೆ" ಎಂದೆ.

"ನಾನ್ಯಾಕೇಳ್ಲಿ? ಕರೀದೆ ನೀರು ಉಯ್ಯೋಕೋದೋಳಲ್ಲ ನಾನು. ಯಾರ ಮನೇಗೂ ಓಗಿಲ್ಲ. ಮಗಳಾದ್ರೂ ಅಷ್ಟೇ, ಅವ್ಳೇ ಕರೀಬೇಕು."

ಇಂಥ ಹಠಕ್ಕೆ ಮದ್ದಿಲ್ಲ. ಆದರೆ ನನಗೂ ಅಧಿಕಪ್ರಸಂಗದ ಚಾಳಿ ಇದೆ. ಒಂದು ಭಾನುವಾರ ಅವರು ಕಾಯಿಯನ್ನು ಹಗುರಾಗಿ ಹೊರಳಿಸುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ. ಬಾಣಂತಿ ಕೋಣೆಗೆ ಹೋಗಿ, "ನೋಡು ನಾಗಶ್ರೀ, ನಿಮ್ಮವ್ವ ಎರಡೂವರೆ ತಿಂಗಳಿಂದ ಏನು ಮಾಡ್ತಿದ್ದಾರೆ" ಎಂದು ಫೋನನ್ನು ಅವಳ ಕೈಗಿತ್ತೆ. ಅವಳು ನೋಡಿದಳು. ಕಣ್ಣಲ್ಲಿ ನೀರು ಬಂತು. ನನಗೆ ಗೆದ್ದಂತಾಯಿತು. ಅವಳು ಮತ್ತೊಮ್ಮೆ ನೋಡಲೆಂದು ಬೆರಳಾಡಿಸಿದಾಗ ಹಿಂದಿನ ವಿಡಿಯೋ ಬಂತು. ಅದು ಮೊದಮೊದಲಲ್ಲಿ ಮಾಡಿ ಅಳಿಸುವುದನ್ನು ಮರೆತದ್ದು. ಅದರಲ್ಲಿ ಕಾಯಿ ಜಾರಿ ಕಲ್ಲಿಗೆ ಬಿದ್ದು ಒಡೆಯುತ್ತದೆ. ಅತ್ತೆ ನಗುತ್ತ, "ಓಯ್ತು! ಇದೂ ಓಯ್ತು!" ಎನ್ನುತ್ತಾರೆ. ಹಿಂದೆ ನನ್ನ ನಗುವೂ ಕೇಳುತ್ತದೆ.

ನಾಗಶ್ರೀ ಫೋನು ಕೆಳಗಿಟ್ಟಳು. "ಇದು ಬೂದುಗುಂಬ್ಳ ಅಲ್ವಾ ಅತ್ಗೆ?"

"ಹೂಂ. ತೂಕ ಸರಿಯಾಗಿ ಸಿಗುತ್ತೆ ಅಂತ..."

"ಬೂದುಗುಂಬ್ಳ ಯಾಕೆ ಒಡೀತಾರೆ ಅಂತ ಗೊತ್ತಿಲ್ವಾ ನಿಮ್ಗೆ? ತಲೆ ಬದ್ಲಿಗೆ ಒಡೆಯೋದು ಅದು! ಬಲಿ! ನನ್ ಮಗೂ ಅಂತ ಎಣ್ಣೆ ಹಚ್ಚಿ, ನೀರು ಹಾಕಿ, ಅದರ ತೂಕದ್ದೇ ತಂದು, ಕಲ್ಲಿಗೆ ಒಡೆದವ್ರಲ್ಲಾ!"

ಸತ್ಯವಾಗಿ ಹೇಳುತ್ತೇನೆ, ನನಗೆ ಅದುವರೆಗೂ ಹೊಳೆದಿರಲಿಲ್ಲ. ಹೊಸ ಮನೆ ಮುಂದೆ, ಹೊಸ ಲಾರಿ ಮುಂದೆ, ಅಮಾವಾಸ್ಯೆ ದಿನ ಅಂಗಡಿ ಮುಂದೆ ಕುಂಕುಮ ತುಂಬಿ ಒಡೆದ ಬೂದುಗುಂಬಳವನ್ನು ದಾಟಿಕೊಂಡೇ ದಿನಾ ಸ್ಕೂಲಿಗೆ ಹೋಗುವವಳು ನಾನು. ಜೀವಕ್ಕೆ ಬದಲಾಗಿ ಒಡೆಯುವುದು ಅದನ್ನೇ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ನಾವಿಬ್ಬರೂ ಹೆಂಗಸರು ಕೆಜಿಯ ಲೆಕ್ಕದಲ್ಲಿ ಅದನ್ನು ಮರೆತೇ ಬಿಟ್ಟಿದ್ದೆವು.

ಕೂಗು ಕೇಳಿ ಅತ್ತೆ ಬಾಗಿಲಿಗೆ ಬಂದರು. ನಾಗಶ್ರೀ ಅದನ್ನೇ ಮತ್ತೆ ಅವರ ಮುಖಕ್ಕೆ ಹೇಳಿದಳು. ಅತ್ತೆ ತಿರುಗಿ ಬೈಯುತ್ತಾರೆ, ಇದೂ ಒಂದು ಜಗಳವಾಗಿ ಮುಗಿಯುತ್ತದೆ ಎಂದುಕೊಂಡೆ. ಆಗಲಿಲ್ಲ.

"ನಂಗೆ ಒಳೀಲಿಲ್ಲ ಕಣವ್ವ" ಎಂದರು. "ತೂಕ ಸರಿಗಿತ್ತು ಅಂತ... ನಾಕು ಒಡೆದಿವ್ನಲ್ಲ. ನಾಕು."

ಮಾವ ಬಂದು, ಅದೆಲ್ಲ ಮೂಢನಂಬಿಕೆ, ತರಕಾರಿ ತರಕಾರಿಯೇ, ನಮ್ಮಂಥವರೇ ಹೀಗೆಂದರೆ ಹೇಗೆ ಎಂದು ಕೂಗಾಡಿದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಹೊರಗೆ ಅವರ ಸ್ಕೂಟರಿನ ಹ್ಯಾಂಡಲಿಗೆ ಒಣಗಿದ ನಿಂಬೆಹಣ್ಣು ಮೆಣಸಿನಕಾಯಿ ನೇತಾಡುತ್ತಲೇ ಇತ್ತು. ಶೋರೂಮಿನವರು ಕಟ್ಟಿದ್ದಂತೆ, ಬಿಚ್ಚಲು ಕೈ ಬಂದಿರಲಿಲ್ಲ. ಹೊಸಿಲಾಚೆ ಹಾಕಿದ್ದು ಹೊಸಿಲಾಚೆಯೇ ಕೂತಿರುತ್ತದೆ, ದೂರ ಹೋಗುವುದಿಲ್ಲ.

ಅಂದಿನಿಂದ ಅತ್ತೆ ಕೂಸನ್ನು ಮುಟ್ಟಲಿಲ್ಲ. ನೀರು ಉಯ್ಯುವ ಮಾತು ಹಾಗಿರಲಿ, ಎತ್ತಿಕೊಳ್ಳಲೂ ಇಲ್ಲ. ನಾಗಶ್ರೀ ಸ್ನಾನಕ್ಕೆ ಹೋಗುವಾಗ ಕೂಸು ಅತ್ತರೆ ನನ್ನನ್ನು ಕೂಗುತ್ತಿದ್ದರು, ನಾನಿಲ್ಲದಾಗ ಮಾವನನ್ನು. ತೊಟ್ಟಿಲನ್ನು ಕೂಡ ದೂರದಿಂದ ಹಗ್ಗ ಎಳೆದು ತೂಗುತ್ತಿದ್ದರು. ಅಮಾವಾಸ್ಯೆ ಬಂದರೆ ಅವರು ಊಟ ಮಾಡುತ್ತಿರಲಿಲ್ಲ. ಕೂಸಿಗೆ ಸಣ್ಣಗೆ ನೆಗಡಿಯಾದರೂ ಇವರ ಬಾಯಿ ಒಣಗುತ್ತಿತ್ತು. ಮಿಷನ್ನಿಗೆ ಕೈ ಕೊಟ್ಟು ಬಂದಾಗಲೂ ಅವರು ಹೀಗೆ ಕುಗ್ಗಿರಲಿಲ್ಲ. ವಿಡಿಯೋ ಮಾಡಿದವಳು ನಾನೇ, ತೋರಿಸಿದವಳೂ ನಾನೇ. ಎರಡನ್ನೂ ಅಳಿಸಿದೆ. ಅಳಿಸಿ ಏನು ಬಂತು?

ನಾಗಶ್ರೀಗೂ ಅಂದದ್ದು ಹೆಚ್ಚಾಯಿತು ಎನಿಸಿರಬೇಕು. ಒಂದೆರಡು ಸಲ ಬೇಕೆಂದೇ, "ಅವ್ವಾ, ಇವನನ್ನು ಹಿಡ್ಕೊ" ಎಂದಳು. ಅತ್ತೆ, "ಕೈ ಕೊಳೆಯಾಗದೆ" ಎಂದು ಎದ್ದು ಹೋದರು.

ಐದು ತಿಂಗಳು ತುಂಬಿತು. ಬಾಣಂತನ ಮುಗಿಯಿತು. ಭಾನುವಾರ ಹನ್ನೊಂದು ಗಂಟೆಗೆ ರಾಜೇಂದ್ರ ಕಾರು ತಂದು ತಾಯಿ ಮಗುವನ್ನು ಮಳವಳ್ಳಿಗೆ ಕರೆದುಕೊಂಡು ಹೋಗುವುದು ಎಂದು ಗೊತ್ತಾಯಿತು. ಅತ್ತೆಗೆ ಮೊಮ್ಮಗನಿಗೆ ನೀರು ಹಾಕಲು ಇನ್ನು ಅವಕಾಶವಿರಲಿಲ್ಲ. ಈಗ ಅವರೇ ಅದನ್ನು ಬಯಸುತ್ತಿರಲಿಲ್ಲ ಎಂದು ನಾನು ತಿಳಿದಿದ್ದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾಗಶ್ರೀ ಕೂಸಿನ ಮೈಗೆಲ್ಲ ಹರಳೆಣ್ಣೆ ಹಚ್ಚಿ ಶಿವನಂಜಮ್ಮನಿಗಾಗಿ ಕಾದಳು. ಎಂಟೂವರೆಗೆ ಆ ಬೀದಿಯ ಹೆಂಗಸೊಬ್ಬಳು ಬಂದು, ಶಿವನಂಜಮ್ಮನ ಅಣ್ಣ ತೀರಿಕೊಂಡನೆಂದೂ ಅವಳು ಬೆಳಗಿನ ಬಸ್ಸಿಗೇ ಹೋದಳೆಂದೂ ಹೇಳಿದಳು. ಎಣ್ಣೆ ಹಚ್ಚಿಯಾಗಿದೆ, ಬಿಡುವ ಹಾಗಿಲ್ಲ. ನನಗೆ ಈ ಕೆಲಸ ಬರುವುದಿಲ್ಲ; ಹೆತ್ತಾಗಲೂ ಟವೆಲು ಹಿಡಿದು ನಿಂತದ್ದಷ್ಟೇ. ನಾಗಶ್ರೀ, "ನಾನೇ ಹಾಕ್ತೀನಿ, ಇದೇನ್ ಮಹಾ" ಎಂದು ಸೀರೆ ಎತ್ತಿ ಕಟ್ಟಿ ಮಣೆಯ ಮೇಲೆ ಕೂತಳು.

ಐದು ತಿಂಗಳು ದಿನಾ ಕಣ್ಣಾರೆ ನೋಡಿದವಳು. ನೋಡಿದ್ದೇ ಬಂತು. ಕಾಲು ನೀಡಿ ಕೂಸನ್ನು ಮಲಗಿಸಿಕೊಂಡದ್ದೇ ಕಾಲುಗಳ ನಡುವೆ ಸಂದಿಯಾಗಿ ಅದು ಕೆಳಕ್ಕೆ ಇಳಿಯಿತು. ಚೊಂಬು ಎತ್ತಿದರೆ ಕೂಸು ಜಾರುತ್ತದೆ, ಕೂಸು ಹಿಡಿದರೆ ನೀರಿಲ್ಲ. ನೀರು ಮುಖಕ್ಕೆ ಬಿದ್ದು ಅದು ಉಸಿರು ಕಟ್ಟಿ ಚೀರಿತು. ಆರೂವರೆ ಕೆಜಿ ಎಣ್ಣೆಗೂಸು ಬಿಲ್ಲಿನಂತೆ ಬಾಗಿ ಒದ್ದಾಡುತ್ತಿದ್ದರೆ ನಾನು ಟವೆಲು ಹಿಡಿದು ಅತ್ತಿಂದಿತ್ತ ಓಡಾಡಿದೆ. ನಾಗಶ್ರೀ "ಅವ್ವಾ" ಎಂದು ಕಿರುಚಿದಳು.

ಅತ್ತೆ ಕೊಟ್ಟಿಗೆಯಿಂದ ಬಂದು ಬಚ್ಚಲ ಹೊಸಿಲ ಹೊರಗೇ ನಿಂತರು.

"ಕಾಲು ಕೂಡ್ಸೆ, ಮುಂಡೇದೆ! ಸಂದಿ ಬುಟ್ರೆ ಎಲ್ಲಿದ್ದಾದು ಕೂಸು? ತಲೆ ಮ್ಯಾಕೆ ಮಾಡು. ಬಾಯಿಗಲ್ಲ ಕಣೆ ನೀರು, ನೆತ್ತಿಗೆ, ನೆತ್ತಿಗೆ! ಊಂ, ಈಗ ಬೋರಲಾಕು."

"ಆಗ್ತಿಲ್ಲ ಕಣವ್ವ. ತಿರುಗ್ಸೋಕಾಗ್ತಿಲ್ಲ. ಕೈ ಸಾಲ್ತಿಲ್ಲ ನಂಗೆ."

ಎರಡು ಕೈಯವಳು ಒಂದು ಕೈಯವಳಿಗೆ ಹೇಳಿದ ಮಾತು ಇದು. ಬೇರೆ ದಿನವಾಗಿದ್ದರೆ ಅತ್ತೆ ಇದನ್ನು ಊರಿಗೆಲ್ಲ ಹೇಳಿ ನಗುತ್ತಿದ್ದರು.

"ನೀನೇ ಬಾ ಅವ್ವ" ಎಂದಳು ನಾಗಶ್ರೀ.

"ನಾನೊಲ್ಲೆ."

"ಕರೀತಾ ಇದೀನಿ ಕಣವ್ವ. ಬಾಯ್ಬಿಟ್ಟು ಕರೀತಾ ಇದೀನಿ. ನೀರು ಉಯ್ಯಿ ಬಾ."

"ನಾಕು ಒಡೆದಿವ್ನಿ ಕಣೆ ನಾಗಿ. ಮರ್ತೋಯ್ತಾ? ನೀನೇ ಅಂದಿದ್ದು, ತಲೆ ಬದ್ಲಿಗೆ ಅಂತ."

ಕೂಸು ಚೀರುತ್ತಿತ್ತು. ನಾಗಶ್ರೀ ಅದನ್ನು ಎದೆಗೆ ಅವಚಿಕೊಂಡು, ಒದ್ದೆ ಕೂದಲು ಮುಖಕ್ಕೆ ಅಂಟಿಕೊಂಡು, ಅಳುತ್ತಲೇ ಸಿಟ್ಟಿನಿಂದ ಹೇಳಿದಳು. "ತಲೆ ಬದ್ಲಿಗೇ ತಾನೇ ಒಡೆಯೋದು? ಕಾಯಿ ಒಡೆದ್ರೆ ತಲೆ ಉಳೀತದೆ ಅಂತ್ಲೇ ತಾನೇ? ನಾಕು ಕೊಟ್ಟಾಯ್ತಲ್ಲ! ಇನ್ನೆಷ್ಟು ಕೊಡ್ಬೇಕು ಇವನೊಬ್ಬನಿಗೆ?"

ಅತ್ತೆ ಅವಳನ್ನೇ ನೋಡಿದರು. ಆ ಲೆಕ್ಕ ಅವರೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನನಗೂ ಹಿಡಿಯಿತು. ಬಲಿಯೆಂದರೆ ಬಲಿಯೇ ಆಗಲಿ. ಬಲಿ ಕೊಟ್ಟವರು ಯಾಕೆ ಹೆದರಬೇಕು? ಎರಡೂವರೆ ತಿಂಗಳು ಬಾಯಿ ಒಣಗಿಸಿಕೊಂಡು ಕೂತಿದ್ದ ನಮ್ಮ ಮೂವರು ಹೆಂಗಸರ ತಲೆಗಳಲ್ಲಿ ಒಂದಕ್ಕೂ ಇದು ಅದುವರೆಗೆ ಹೊಳೆದಿರಲಿಲ್ಲ. ಮೇಷ್ಟ್ರ ತಲೆಗಂತೂ ಹೊಳೆಯುವಂತಿರಲಿಲ್ಲ.

"ಎದ್ದೇಳು" ಎಂದರು ಅತ್ತೆ.

ಸೀರೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಮೇಲೆತ್ತಿ ಸಿಕ್ಕಿಸಿಕೊಂಡು ಮಣೆಯ ಮೇಲೆ ಕೂತರು. ಕಾಲು ನೀಡಿದರು. ನಾಗಶ್ರೀ ಕೂಸನ್ನು ಮಲಗಿಸಿ, ಎರಡೂ ಕೈ ಚಾಚಿಕೊಂಡು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. "ಕೈ ತಗಿ, ಅಡ್ಡ ಬತ್ತದೆ" ಎಂದು ಬೈಸಿಕೊಂಡು ತೆಗೆದಳು. ಮೊದಲ ಚೊಂಬು ನೆತ್ತಿಗೆ ಬಿದ್ದಾಗ ಕೂಸು ಬೆಚ್ಚಿತು. ಎರಡನೆಯದಕ್ಕೆ ಸುಮ್ಮನಾಯಿತು. ಅತ್ತೆಯ ಎಡಗೈ ಚೊಂಬಿನಿಂದ ಮೈಗೆ, ಮೈಯಿಂದ ಚೊಂಬಿಗೆ ಅವಸರವಿಲ್ಲದೆ ಓಡಾಡಿತು. ತೋಳು, ಕಂಕುಳು, ತೊಡೆಯ ಮಡಿಕೆ, ಕಿವಿಯ ಹಿಂಭಾಗ. ಮೂಗು ತೀಡಿ, "ಶಿವನಂಜಿ ಇದ್ನ ಅಂಗೇ ಬುಟ್ಬುಟ್ಟವ್ಳೆ" ಎಂದು ಗೊಣಗಿದರು. ಆಮೇಲೆ ಎಡ ಮೊಣಕಾಲು ಮೇಲೆದ್ದಿತು.

ನಾನು ಕಣ್ಣು ಮುಚ್ಚಿಕೊಂಡೆ. ಕಲ್ಲಿಗೆ ಕಾಯಿ ಬಡಿದ ಸದ್ದು ಕೇಳಿದ ಕಿವಿ ನನ್ನದು. ಬಿಟ್ಟು ನೋಡಿದಾಗ ಕೂಸು ಮೊಂಡುಗೈಯ ಮೇಲೆ ಬೋರಲಾಗಿ ಮಲಗಿ, ಬೆರಳು ಚೀಪಲು ತನ್ನ ಬಾಯಿಗೆ ದಾರಿ ಹುಡುಕುತ್ತಿತ್ತು. ಬೆನ್ನಿನ ಮೇಲೆ ಬಿಸಿನೀರು ಇಳಿಯಿತು. ಅದಕ್ಕೆ ಸುಖವೆನಿಸಿರಬೇಕು, ಆ ಕೈಯ ಮೇಲೇ ಉಚ್ಚೆ ಹೊಯ್ದಿತು.

"ಉಯ್ಯಿ ಉಯ್ಯಿ, ನಿಮ್ಮಪ್ಪನ ಮನೆ ಗಂಟೇನೋಯ್ತದೆ" ಎಂದರು ಅತ್ತೆ. ನೀರು ನಿಲ್ಲಿಸಲಿಲ್ಲ.

ಮುಗಿಯಿತು. ಕೊನೆಯ ಚೊಂಬನ್ನು ಕೂಸಿನ ಸುತ್ತ ಮೂರು ಸಲ ನಿವಾಳಿಸಿ ಮೂಲೆಗೆ ಚೆಲ್ಲಿದರು. ನಾಗಶ್ರೀ ಕೂಸನ್ನು ಎತ್ತಿಕೊಂಡು, ನಾನು ಹೊದಿಸಿದ ಟವೆಲಿನಲ್ಲಿ ಸುತ್ತಿ ಎಡ ತೋಳಿನ ಮೇಲೆ ಹಾಕಿಕೊಂಡಳು. ಅತ್ತೆ ಏಳಲು ಹೋದರು, ಆಗಲಿಲ್ಲ. ಅಷ್ಟು ಹೊತ್ತು ಬಿಗಿದು ನೀಡಿದ ಕಾಲು ಜೋಮು ಹಿಡಿದಿತ್ತು. ಎಡಗೈ ಊರಿದರೆ ನೆಲವೆಲ್ಲ ಎಣ್ಣೆ, ನೀರು, ಜಾರಿತು. ಮತ್ತೆ ಜಾರದಂತೆ ಎಡಗೈಯಿಂದ ಹಂಡೆಯ ಕಟ್ಟೆ ಹಿಡಿದುಕೊಂಡರು. ನಾನು ಆಚೆ ಬದಿಯಲ್ಲಿದ್ದೆ, ನಡುವೆ ಹಂಡೆ. ಅವರ ಬಲಗಡೆ ಇದ್ದವಳು ನಾಗಶ್ರೀ. ಅವಳ ಒಂದು ಕೈಯಲ್ಲಿ ಕೂಸು.

ಅತ್ತೆ ಯೋಚಿಸದೆ ಬಲಗೈಯನ್ನೇ ಅವಳ ಕಡೆಗೆ ಚಾಚಿದರು. ಚರ್ಮ ಮಡಿಚಿ ಹೊಲಿದ ಆ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಈ ಎರಡು ವರ್ಷದಲ್ಲಿ ನಾಗಶ್ರೀ ಆ ಕೈಯನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದ ದಿನವೂ ಅವಳು ಮುಖ ತಿರುಗಿಸಿಕೊಂಡಿದ್ದಳು. ಅತ್ತೆಗೂ ಅದು ಗೊತ್ತಿತ್ತು. ಅವಳಿದ್ದಾಗ ಸೆರಗು ಹೊದ್ದುಕೊಳ್ಳುತ್ತಿದ್ದರು. ಚಾಚಿದ ಮೇಲೆ ಅದು ನೆನಪಾಗಿ ಅವರು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದರು.

ಅಷ್ಟರಲ್ಲಿ ನಾಗಶ್ರೀ ಅದನ್ನು ಹಿಡಿದಾಗಿತ್ತು. ಹಿಡಿದು, ಸುಮ್ಮನೆ ಅದನ್ನೇ ನೋಡುತ್ತ ನಿಂತಳು.

"ಎಳಿಯೇ" ಎಂದರು ಅತ್ತೆ, "ಅದೇನ್ ಕಿತ್ಕೊಂಡು ಬರಾಕಿಲ್ಲ."

ನಾಗಶ್ರೀ ಎಳೆದಳು. ಅವರು ಎದ್ದು ನಿಂತರು.